ಈ ಲ್ಯಾಪ್‌ಟಾಪ್ ತೆಗೀಬ್ಯಾಡ

ಸ್ನೇಹಲ,

ಈ ಚೀಟಿ ಓದಾಕತ್ತೀ ಅಂದ್ರ ಲ್ಯಾಪ್‌ಟಾಪಿನ ಮುಚ್ಚಳ ಇನ್ನೂ ತೆಗದಿಲ್ಲ. ತೆಗೀಬ್ಯಾಡ, ಕೈ ಮುಗೀತೀನಿ.

ಚಿಕ್ಕೋಡಿ ಅಂಗಡ್ಯಾಗ ಅಮಿತ, ಕಂಪ್ಯೂಟರ್ ತುಂಬೇತಿ ಅಂತ ನಮ್ಮ ಡಿಜೆ ಹಾಡಿನ ಫೋಲ್ಡರ್ ಪೂರಾ ಅಳಿಸ್ಯಾನ. "ಕ್ಲೌಡ್‌ನಾಗ ಐತಲ್ಲೋ" ಅಂತಾನ. ಒಂದ ಕಡೆ ಅಳಿಸಿದ್ರ ಕ್ಲೌಡ್ ಎಲ್ಲಾ ಕಡೆ ಅಳಸ್ತೈತಿ ಅಂತ ಆ ಶಾಣ್ಯಾಗ ಗೊತ್ತಿಲ್ಲ. ಕ್ಲೌಡಿನ ಕಸದ ಬುಟ್ಟೀನೂ ಖಾಲಿ ಮಾಡ್ಯಾನ. ನನ್ನ ಲ್ಯಾಪ್‌ಟಾಪ್‌ನಾಗಿನ ಹಾಡು ಕಣ್ಣ ಮುಂದನ ಹ್ವಾದ್ವು.

ಮನ್ಯಾಗಿನ ಈ ಹಳೇದು ನಿನ್ನೆಯಿಂದ ಬಂದ್ ಇತ್ತು, ಅದಕ್ಕ ಇದರಾಗಷ್ಟ ಎಲ್ಲಾ ಉಳದಾವು. ನೆಟ್ ಸಿಕ್ಕಿದ್ರ ಇದೂ ಅಳಸ್ತೈತಿ. ವೈಫೈ ಡಬ್ಬಿ ಕಿತ್ತು ಒಯ್ದೀನಿ, ಬೈಬ್ಯಾಡ. ನಿನ್ನ ಮೊಬೈಲಿನ ಹಾಟ್‌ಸ್ಪಾಟೂ ಹಚ್ಚಬ್ಯಾಡ. ನಿಪ್ಪಾಣಿಯಿಂದ ಹಾರ್ಡ್‌ಡಿಸ್ಕ್ ತಂದು ನಾನ ಎಲ್ಲಾ ಕಾಪಿ ಮಾಡ್ತೀನಿ.

ಹಾಡು ಹ್ವಾದ್ರ ಮತ್ತ ಸಿಗತಾವು. ನಮ್ಮ ಮದಿವ್ಯಾಗ ಅಪ್ಪ ಮೈಕ್ ಹಿಡದು "ಹೊತ್ತ ಮುಳಗಾಕತ್ತೈತಿ, ಊಟಕ್ಕ ಏಳ್ರೀ" ಅಂತ ಕೂಗಿದ್ದು ಎಲ್ಲಿಂದ ತರ್ಲಿ? ಲಕ್ವಾ ಹೊಡದ ಮ್ಯಾಲ ಅಪ್ಪನ ದನಿ ಅಂತ ಉಳದದ್ದು ಆ ಫೋಲ್ಡರಿನಾಗಿನ ಅದೊಂದ ರೆಕಾರ್ಡಿಂಗ್.

ಸಂಜಿಕ ಅದನ್ನ ಕೇಳಸು ಅಂತ ಲ್ಯಾಪ್‌ಟಾಪಿಗೆ ಕೈ ಮಾಡ್ತಾನ. ಕೇಳದ ಊಟಕ್ಕ ಕುಂಡ್ರೂದಿಲ್ಲ, ಹೊತ್ತು ಮುಳಗಿದ ಮ್ಯಾಲಂತೂ ಜೈನರ ನೇಮ ಅಂತ ತುತ್ತು ಮುಟ್ಟೂದಿಲ್ಲ. ಕರೆಂಟ್ ಹೋಗೇತಿ ಅಂತ ಹೇಳು. ಮೊದಲ ಫ್ಯಾನ್ ಬಂದ್ ಮಾಡು.

ನಾನು ಅಷ್ಟ್ರಾಗ ಬರಲಿಲ್ಲಂದ್ರ ನಾಚಿಕಿ ಬಿಟ್ಟು, ಅಪ್ಪ ಕೂಗಿದಂಗ ನೀನ ಒಂದ್ಸಲ ಕೂಗು.

ವೃಷಭ