ನನ್ನ ಹೆಸರಿನ ಆರು ಸಹಿಗಳು

ಚಿತ್ರದುರ್ಗ
ಬುಧವಾರ, ೧೨ ನವೆಂಬರ್ ೨೦೨೫

ತಿಪ್ಪೇಶ್ ಅವರಿಗೆ, ದಿವ್ಯಾ ಮಾಡುವ ನಮಸ್ಕಾರ.

ಮೊದಲು ‘ಪ್ರೀತಿಯ’ ಎಂದು ಬರೆದು ಗೀಟು ಹಾಕಿದ್ದೇನೆ, ಕಾಣುತ್ತಿರಬಹುದು. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು, ಮನಸ್ಸಾಗಲಿಲ್ಲ. ನೀವು ನಮ್ಮಿಬ್ಬರ ಆಫೀಸಿನ ಖರೀದಿ ಕೆಲಸವನ್ನೂ ಬಿಟ್ಟು, ಹಿರಿಯೂರಿನಲ್ಲಿ ಬೇರೆ ಮನೆ ಮಾಡಿ ಏಳು ತಿಂಗಳಾಯಿತು. ನಾನು ಮಾಡಿದರೆ ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಇನ್ನು ಯಾರು ಯಾರು ಓದುತ್ತಾರೋ ಎಂಬ ಭಯ.

ದೀಪಾವಳಿ ಕಳೆದ ಮೇಲೆ ನಮ್ಮ ಕಂಪನಿಗೆ ಅಮೆರಿಕದಿಂದ, ಚಿಪ್ ಮಾರುವವರಿಂದ, ಒಂದು ಮೇಲ್ ಬಂತು. ಯುದ್ಧ ನಡೆಯುತ್ತಿರುವ ಕಡೆ ಬಿದ್ದ ಡ್ರೋನ್ ಒಂದರೊಳಗೆ ಅವರ ಚಿಪ್ ಸಿಕ್ಕಿದೆ. ಆ ಡ್ರೋನ್ ಮಾಡಿದ ದೇಶಕ್ಕೆ ಅಂಥದ್ದನ್ನು ಮಾರಕೂಡದೆಂದು ಅವರ ಸರ್ಕಾರದ ನಿರ್ಬಂಧವಿದೆ. ಚಿಪ್ಪಿನ ಮೇಲಿನ ನಂಬರು ಹಿಡಿದು ಹುಡುಕಿದರೆ ಅದು ಚಿತ್ರದುರ್ಗಕ್ಕೆ ಬಂದು ನಿಲ್ಲುತ್ತದೆ. ಬೋರ್‌ವೆಲ್ ಪಂಪಿನ ಸ್ಟಾರ್ಟರಿಗೆಂದು ನಮ್ಮ ಕಂಪನಿ ತರಿಸಿಕೊಂಡದ್ದು ಅಲ್ಲಿಗೆ ಹೇಗೆ ಹೋಯಿತು ಎಂದು ಕೇಳಿದ್ದರು. ಜೊತೆಗೊಂದು ಫೋಟೊ. ಉಗುರಿನಷ್ಟಗಲದ ಸುಟ್ಟ ಚಿಪ್, ಅದರ ಹಿಂದೆ ಯಾರದೋ ಮನೆಯ ಅಡುಗೆಕಟ್ಟೆ, ಅರ್ಧ ಒಡೆದದ್ದು.

‘ಇವನ್ನು ನಮ್ಮ ಪಂಪುಗಳಿಗೇ ಬಳಸುತ್ತೇವೆ, ಬೇರೆಯವರಿಗೆ ಮಾರುವುದಿಲ್ಲ’ ಎಂಬ ಆರು ಘೋಷಣಾಪತ್ರಗಳನ್ನೂ ಕಳಿಸಿದ್ದರು. ಆಫೀಸಿನ ಕಾಗದಪತ್ರ ನೋಡುವವಳು ನಾನು, ಆರರಲ್ಲೂ ನನ್ನ ಹೆಸರು, ನನ್ನ ಸಹಿ.

ಮ್ಯಾನೇಜರ್ ಮೋಹನ್‌ಕುಮಾರ್ ಸರ್ ಬಾಗಿಲು ಹಾಕಿಕೊಂಡು, ‘ಏನಮ್ಮ ದಿವ್ಯಾ ಇದು’ ಎಂದರು. ಸಹಿ ನನ್ನದಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯದು. ಅವತ್ತಿನಿಂದ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಮಷೀನ್ ಮುಂದೆ ಕೂರುವ ಏಕನಾಥಮ್ಮ ಕೂಡ ಈಗ ನನ್ನ ಜೊತೆ ಊಟಕ್ಕೆ ಬರುತ್ತಿಲ್ಲ. ನಾನೂ ಎಲ್ಲರನ್ನೂ ಅನುಮಾನದಿಂದಲೇ ನೋಡುತ್ತಿದ್ದೆ. ಹೋದ ವರ್ಷ ನಾವು ಮಾಡಿದ್ದು ಒಂಬೈನೂರು ಸ್ಟಾರ್ಟರ್, ಒಂದಕ್ಕೆ ಒಂದೇ ಚಿಪ್. ತರಿಸಿದ್ದು ಆರು ಸಾವಿರ. ಸ್ಟೋರಿನಲ್ಲಿ ಒಂದೂ ಉಳಿದಿಲ್ಲ.

ಕೊನೆಗೆ ಎಲ್ಲರ ಕಣ್ಣೂ ಹೋಗಿ ನಿಂತದ್ದು ನಮಗೆ ಮರದ ಪೆಟ್ಟಿಗೆ ಮಾಡಿಕೊಡುವ ಇಸ್ರಾರ್ ಮೇಲೆ. ಅವನ ಅಣ್ಣ ದುಬೈನಲ್ಲಿದ್ದಾನೆ ಎಂಬುದೊಂದೇ ಸಾಕಾಯಿತು. ‘ಅವನ ಮೇಲೆ ಅನುಮಾನವಿದೆ’ ಎಂದು ಸರ್ ಹೇಳಿದರು, ಅದನ್ನು ಟೈಪ್ ಮಾಡಿ ಕಸ್ಟಮ್ಸ್‌ಗೆ ಕಳಿಸಿದವಳು ನಾನು. ಟೈಪ್ ಮಾಡುವಾಗ ನನಗೂ ಹಾಗೇ ಅನ್ನಿಸಿತ್ತು. ಅವನನ್ನು ಗೇಟಿನೊಳಗೆ ಬಿಡುವುದು ನಿಂತಿತು, ವಾರದೊಳಗೆ ಅವನಿಗೆ ಕಸ್ಟಮ್ಸ್‌ನಿಂದ ಕರೆಯೂ ಬಂತು.

ಭಾನುವಾರ ಅವನ ಕಾರ್ಖಾನೆಗೆ ಹೋದೆ. ಬಾಯಿ ಬಿಡಿಸಬೇಕೆಂದೇ ಹೋದೆ. ಅವನ ತಂದೆ ಹಜರತ್ ಅಲಿಯವರು ಹೊಟ್ಟು ಒರೆಸಿ ಕುರ್ಚಿ ಹಾಕಿದರು, ‘ಕುಂತ್ಕಳ್ರಿ’ ಎಂದು ಟೀ ತರಿಸಿದರು. ಇಸ್ರಾರ್ ಒಂದು ಸಣ್ಣ ಪೆಟ್ಟಿಗೆ ತಂದು ನನ್ನ ಮುಂದಿಟ್ಟ. ‘ಅಕ್ಕಾ, ಸ್ಟಾರ್ಟರ್ ಪೆಟ್ಟಿಗೆ ಎತ್ತಾಕೆ ಇಬ್ರು ಬೇಕು. ಇದು ನೋಡ್ರಿ, ಒಂದೇ ಕೈಯಾಗೆ ಬರ್ತೈತೆ, ಒಳಗೆ ಸ್ಪಂಜು. ಪಂಪಿನ ಸಾಮಾನಿಗೆ ಮೆತ್ತೆ ಯಾಕೆ ಸಾರ್ ಅಂತ ಕೇಳ್ದೆ. ನಿನಗ್ಯಾಕೆ, ಅಳತೆಗೆ ಮಾಡು ಅಂದ್ರು’ ಎಂದ.

ಅಂದವರು ಯಾರು ಎಂದು ನಾನು ಕೇಳುವ ಮೊದಲೇ ಅವನೇ ಅಳತೆಯ ಚೀಟಿ ಕೊಟ್ಟ. ಏಳರ ಅಂಕಿಯ ನಡುವೆ ಅಡ್ಡಗೀಟು ಎಳೆಯುವವರು ನನಗೆ ತಿಳಿದಂತೆ ಒಬ್ಬರೇ. ಇದನ್ನು ಆಫೀಸಿನಲ್ಲಿ ಯಾಕೆ ತೋರಿಸಲಿಲ್ಲ ಎಂದೆ. ‘ನಿಮ್ಮನೇರ ಹೆಸ್ರು ನಿಮ್ಮನ್ನ ಕೇಳದೆ ಹೆಂಗೆ ಹೇಳ್ಲಿ ಅಕ್ಕಾ. ಮಂಗಳವಾರ ಕರೆದವ್ರೆ, ಆವಾಗ ಹೇಳ್ಬೇಕಾಗ್ತೈತೆ’ ಎಂದ. ಅವನ ಮುಖ ನೋಡಲಾಗದೆ ಟೀ ಅಲ್ಲೇ ಬಿಟ್ಟು ಎದ್ದು ಬಂದೆ.

ಶನಿವಾರ ಬಂದರೆ ಸಾಕು, ಡಿಕ್ಕಿಯಲ್ಲಿ ಏನನ್ನೋ ಇಟ್ಟುಕೊಂಡು ನೀವು ಹಿರಿಯೂರಿಗೆ ಹೊರಡುತ್ತಿದ್ದಿರಿ. ಅಲ್ಲೊಬ್ಬಳು ಹೆಂಗಸಿದ್ದಾಳೆಂದು ನಾನು ಅನುಮಾನಪಟ್ಟೆ, ನಿಮ್ಮ ಅಂಗಿಯನ್ನು ಮೂಸಿ ನೋಡಿದೆ. ಆ ಜಗಳದಲ್ಲೇ ನೀವು ಮನೆ ಬಿಟ್ಟಿರಿ. ಒಂದು ಸಲವೂ ಇಲ್ಲ ಎಂದು ಗಟ್ಟಿಯಾಗಿ ಹೇಳಲಿಲ್ಲ. ಈಗ ತಿಳಿಯುತ್ತಿದೆ, ಆ ಜಗಳ ನಿಮಗೆ ಎಷ್ಟು ಅನುಕೂಲವಾಗಿತ್ತೆಂದು. ಹೆಂಗಸೇ ಇದ್ದಿದ್ದರೂ ವಾಸಿಯಿತ್ತು ರೀ.

ಅತ್ತೆ ನನ್ನ ಜೊತೆಗೇ ಇದ್ದಾರೆ, ಆರೋಗ್ಯವಾಗಿದ್ದಾರೆ. ‘ತಿಪ್ಪೇಶಿ ಯಾವಾಗ ಬರ್ತಾನಂತೆ’ ಎಂದು ದಿನಾ ಕೇಳುತ್ತಾರೆ. ಕೇಳುವಾಗ ನನ್ನ ಮುಖ ನೋಡುವುದಿಲ್ಲ. ಅವರಿಗೂ ಏನಾದರೂ ಗೊತ್ತಿದೆಯೇ ಎಂಬ ಅನುಮಾನ ನನಗೆ. ನೋಡಿ, ಅವರನ್ನೂ ಬಿಡಲಿಲ್ಲ ನಾನು.

ನಿಮ್ಮಿಂದ ಕೊಂಡವರು ಯಾರು, ಅದು ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತಿತ್ತೇ, ನನಗೆ ತಿಳಿಯದು. ಗೊತ್ತಿರಲಿಲ್ಲ ಎಂದೇ ನಂಬಲು ನೋಡುತ್ತಿದ್ದೇನೆ. ಆದರೆ ಆ ಅಡುಗೆಕಟ್ಟೆ ಕಣ್ಣಿಂದ ಹೋಗುತ್ತಿಲ್ಲ. ಬೇರೆಯವರು ಬಂದು ಕರೆದೊಯ್ಯುವ ಮೊದಲು ನೀವೇ ಹೋಗಿ ಹೇಳಿ. ಇದೊಂದು ಮಾತು ನಡೆಸಿಕೊಡಿ.

ಇನ್ನೂ ನಿಮ್ಮ ಮನೆಯಲ್ಲೇ ಇರುವ
ದಿವ್ಯಾ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಐದು ಸಹಿ ನನ್ನವಲ್ಲ. ಮೊದಲನೆಯದು ನನ್ನದೇ. ನೀವು ಊಟದ ಹೊತ್ತಿನಲ್ಲಿ ತಂದಿಟ್ಟಿರಿ, ನಾನು ಪೂರ್ತಿ ಓದಿದೆ. ನೂರು ಸ್ಟಾರ್ಟರಿಗೂ ಆರ್ಡರ್ ಇಲ್ಲದಾಗ ಸಾವಿರ ಚಿಪ್ ಯಾಕೆಂದು ಕೇಳಿದೆ. ‘ಎಲ್ರೂ ಹಿಂಗೇ ಬರೆಯಾದು’ ಎಂದಿರಿ. ಸುಳ್ಳೆಂದು ತಿಳಿದೇ ಹಾಕಿದೆ, ನಿಮ್ಮ ಮುಖ ಸಪ್ಪಗಾಗಬಾರದೆಂದು. ನಿನ್ನೆ ಇಸ್ರಾರ್‌ಗಿಂತ ಮೊದಲು ನಾನೇ ಕಸ್ಟಮ್ಸ್ ಆಫೀಸಿನೊಳಗೆ ಹೋಗಿ ಇಷ್ಟನ್ನೂ ಹೇಳಿ, ಚೀಟಿಯನ್ನೂ ಕೊಟ್ಟು ಬಂದೆ. ಅವನನ್ನು ಒಂದು ಗಂಟೆಯಲ್ಲಿ ಕಳಿಸಿದರು. ನನ್ನನ್ನು ಹದಿನೇಳನೇ ತಾರೀಖು ಮತ್ತೆ ಕರೆದಿದ್ದಾರೆ. ನಿಮ್ಮನ್ನೂ ಕರೆಸುತ್ತಾರೆ, ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುತ್ತಾರಂತೆ.