ಕೆಂಪು ಕಮರಿಯನ್ನು ಬುಡಾಕಿಲ್ಲ

ಬೋಗಾದಿ, ಮೈಸೂರು
೧೬-೧೧-೨೦೨೫, ಭಾನುವಾರ

ಕೂಸೇ ವರ್ಷಿಣಿ,

ನಿನಗೆ ನಿನ್ನ ತಾತ ಮಂಟಯ್ಯನ ಆಶೀರ್ವಾದ. ಮೊದಲು ನಿನ್ನ ಹೊಟ್ಟೆಯ ಸಮಾಚಾರ ಹೇಳು. ಹೈದರಾಬಾದಿನಲ್ಲಿ ಎಲ್ಲದಕ್ಕೂ ಖಾರ ಸುರಿಯುತ್ತಾರಂತೆ. ನಿನಗೋ ಎರಡು ಮೆಣಸಿನಕಾಯಿ ಜಾಸ್ತಿಯಾದರೆ ಎದೆ ಉರಿ. ಮಜ್ಜಿಗೆ ಸಿಕ್ಕಿದ ಕಡೆ ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ. ಮಂಡಿ ಹಿಡಿದುಕೊಂಡಿದೆ, ಅದು ನನ್ನ ಮಂಡಿ, ನಾನು ನೋಡಿಕೊಳ್ಳುತ್ತೇನೆ. ನಿಮ್ಮಮ್ಮ ನಯನಾ ದಿನಕ್ಕೆ ಮೂರು ಸಲ 'ನೀವೇ ಫೋನ್ ಮಾಡಿ ಮಾವ, ಅವ್ಳು ಚಿಕ್ಕೋಳು' ಅನ್ನುತ್ತಾಳೆ. ಫೋನಿನಲ್ಲಿ ನನಗೆ ಬೈಯುವುದೊಂದೇ ಬರುವುದು. ಕಾಗದವಾದರೆ ನಾಲ್ಕು ಸಾಲಿಗೊಮ್ಮೆ ಕನ್ನಡಕ ಒರೆಸಬೇಕು, ಅಷ್ಟರಲ್ಲಿ ಸಿಟ್ಟು ಸ್ವಲ್ಪ ಇಳಿಯುತ್ತದೆ. ಸ್ವಲ್ಪವೇ. ಪೂರ್ತಿ ಇಳಿದಿದೆ ಅಂದುಕೊಳ್ಳಬೇಡ. ನಿಮ್ಮ ಆಫೀಸಿನಲ್ಲಿ ದನಿ ರೆಕಾರ್ಡ್ ಮಾಡುವ ವಾಗೀಶ ನಾಳೆ ನೀನಿರುವಲ್ಲಿಗೇ ಬರುತ್ತಾನಲ್ಲ, ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಕಲಿತದ್ದೆಲ್ಲ ಕುವೆಂಪುನಗರದ ಪಾರ್ಕಿನಲ್ಲಿ ಮಾಲಿಯಾಗಿದ್ದಾಗ, ಬೆಂಚಿನ ಮೇಲೆ ಜನ ಬಿಟ್ಟುಹೋದ ಪೇಪರುಗಳಿಂದ. ಅದಕ್ಕೇ ನನ್ನ ಕೈಗೆ ಪೇಪರಿನ ಕನ್ನಡ ಬರುತ್ತದೆ, ಬಾಯಿಗೆ ಬೋಗಾದಿಯ ಕನ್ನಡ. ಬರೆಯುವಾಗ 'ಹ' ಹಾಕುತ್ತೇನೆ, ಆಡುವಾಗ ಅದು ಬರುವುದಿಲ್ಲ. ಎರಡೂ ನನ್ನವೇ. ಯಾವುದಕ್ಕೂ ನಾನು ತಲೆ ತಗ್ಗಿಸಿದವನಲ್ಲ.

ಈಗ ಆವತ್ತಿನ ಸಂಗತಿಗೆ ಬರುತ್ತೇನೆ. ನೀನು ಬಂದು 'ತಾತ, ನಮ್ಮ ಗೇಮಿಗೆ ನಿನ್ನ ದನಿ ಬೇಕು' ಅಂದಾಗ ನನಗೆ ಆದ ಖುಷಿಯನ್ನು ಮುಖದಲ್ಲಿ ತೋರಿಸಲಿಲ್ಲ, ಅಷ್ಟೇ. ನೀನು ಕೊಟ್ಟ ಹಾಳೆಯ ಮೇಲೆ 'ಬುಡಕಟ್ಟು ಹಿರಿಯ – ೧' ಅಂತ ಇತ್ತು. ನಾನು ತಿಳಿದುಕೊಂಡದ್ದೇ ಬೇರೆ. ನಮ್ಮಲ್ಲಿ ಗಾಳಿಗೆ ಗಿಡ ಬೀಳದೆ ಇರಲಿ ಅಂತ ಬುಡಕ್ಕೆ ಮಣ್ಣು ಏರಿಸಿ ಒತ್ತುತ್ತೇವಲ್ಲ, ಅದಕ್ಕೆ ಬುಡ ಕಟ್ಟುವುದು ಅನ್ನುತ್ತೇವೆ. ಮೂವತ್ತು ವರ್ಷ ನಾನು ಮಾಡಿದ್ದೂ ಅದೇ. ಓಹೋ, ಗಿಡದ ಬುಡ ಕಟ್ಟುವ ಮುದುಕನ ಪಾತ್ರ, ನನಗೆಂದೇ ಬರೆದಿದ್ದಾಳೆ ನನ್ನ ಕೂಸು ಅಂದುಕೊಂಡೆ. ಒಗೆದ ಶರಟು ಹಾಕಿಕೊಂಡು ನಿನ್ನ ಸ್ಕೂಟರಿನ ಹಿಂದೆ ಕೂತು ನಿಮ್ಮ ಆಫೀಸಿಗೆ ಬಂದೆ. ಬರುತ್ತಾ ಬರುತ್ತಾ ನೀನು ಬಿಡಿಸಿ ಹೇಳಿದೆ. ಪ್ರಪಂಚವೆಲ್ಲ ಸುಟ್ಟುಹೋಗಿ ನೂರಾರು ವರ್ಷ ಆಗಿದೆ. ಎಲ್ಲೆಲ್ಲೂ ಬೂದಿ. ಒಂದು ಕೆಂಪು ಕಮರಿಯಲ್ಲಿ ಮಾತ್ರ ನೀರು ಹರಿಯುತ್ತದೆ, ಮರಗಿಡ ಉಳಿದಿವೆ. ಅಲ್ಲಿ ಕೆಮ್ಮಣ್ಣು ಬಳಿದುಕೊಳ್ಳುವ ಒಂದು ಬುಡಕಟ್ಟು ಇದೆ. ಹೊರಗಿನ ಬಯಲಿನಿಂದ ಬೂದಿ ಬಳಿದುಕೊಂಡ ಇನ್ನೊಂದು ಬುಡಕಟ್ಟು ಅವರ ಮೇಲೆ ಬೀಳುತ್ತದೆ. ನಡುವೆ ಎಲ್ಲಿಂದಲೋ ಒಬ್ಬ ಹೊರಗಿನವನು ಬಂದು ಕೆಮ್ಮಣ್ಣಿನವರನ್ನು ಉದ್ಧಾರ ಮಾಡುತ್ತಾನೆ. ಆಡುವವರು ಆ ಹೊರಗಿನವನಾಗಿ ಆಡಬೇಕು. ಸರಿ ಅಂದೆ. ಬುಡಕಟ್ಟು ಅಂದರೆ ಜನ ಅಂತ ಆಗ ಗೊತ್ತಾಯಿತು. ಆದರೂ ನನ್ನ ಅರ್ಥವೇನೂ ತಪ್ಪಲ್ಲ ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ.

ಮೈಕಿನ ಮುಂದೆ ಮೊದಲ ಇಪ್ಪತ್ತು ಡೈಲಾಗು ಹೇಗೆ ಹೋಯಿತು ನೀನೇ ನೋಡಿದೆ. ಮಕ್ಕಳನ್ನು ನೀರಿಂದ ಮೇಲಕ್ಕೆ ಕರೆಯುವುದು, ಸೊಪ್ಪು ತೋರಿಸಿ ಗಾಯಕ್ಕೆ ಅರೆದು ಹಾಕು ಅನ್ನುವುದು. 'ಅಂಗೇ ಇಟ್ಕೊ, ಅಲ್ಲಾಡಿಸ್ಬ್ಯಾಡ' ಅಂದಾಗ ಗಾಜಿನ ಆಚೆ ಎಲ್ಲರೂ ನಕ್ಕರು. ನನ್ನ ಜೊತೆ ನಗುತ್ತಿದ್ದಾರೆ ಅಂತ ನಾನೂ ನಕ್ಕೆ. ಆಮೇಲೆ ನಿಮ್ಮ ಬಾಸ್ ರವಿಚಂದ್ರ, ಅಷ್ಟು ದೊಡ್ಡ ಕುರ್ಚಿಯಿಂದ ಏಳದೆಯೇ, 'ಅಜ್ಜ, ಇನ್ನೊಂಚೂರು ಕಾಡುಜನದ ಥರ ಬರ್ಲಿ' ಅಂದ. 'ಯಾವ ಕಾಡಪ್ಪ? ನಮ್ಮನೆ ಇರೋದು ರಿಂಗ್ ರೋಡ್ ಪಕ್ಕ' ಅಂದೆ. ಅದಕ್ಕೂ ನಕ್ಕರು. ಆಗ ಹಾಳೆ ತಿರುಗಿಸಿ ನೋಡಿದೆ. ಹೊರಗಿನವನು ಮಾತಾಡುವುದು ಪೇಪರಿನ ಕನ್ನಡ. ಎಲ್ಲ 'ಹ'ಗಳೂ ಜಾಗದಲ್ಲಿವೆ. ಕೆಮ್ಮಣ್ಣಿನವರು, ಬೂದಿಯವರು, ಕಾಡು ಮೇಡಿನವರೆಲ್ಲ ಮಾತಾಡುವುದು ನನ್ನ ಕನ್ನಡ. ಕೊನೆಯಲ್ಲಿ ನನ್ನ ಹಿರಿಯ ಆ ಹೊರಗಿನವನಿಗೆ ಕೈಮುಗಿದು ಹೇಳಬೇಕು: 'ನೀವ್ ಏಳ್ದಂಗೇ ಈ ಕಮರಿ ಬುಟ್ಟು ಓಯ್ತೀವಿ, ಬುದ್ಧೀ.'

ಬುದ್ಧಿ. ಆ ಮಾತು ನಿನಗೆ ಎಲ್ಲಿಂದ ಸಿಕ್ಕಿತು? ನಾನೇ ಹೇಳಿದ್ದು. ನೀನು ಐದನೇ ಕ್ಲಾಸಿನಲ್ಲಿದ್ದಾಗ, ನಮ್ಮಪ್ಪ ಕೆಂಚಯ್ಯ ಜಮೀನಿನ ಯಜಮಾನರ ಮುಂದೆ ಹೆಗಲಿನ ಟವೆಲನ್ನು ಕಂಕುಳಿಗೆ ಇಟ್ಟುಕೊಂಡು 'ಆಗ್ಲಿ ಬುದ್ಧಿ' ಅನ್ನುತ್ತಿದ್ದದ್ದನ್ನು ಹೇಳಿದೆ. ಅದನ್ನು ನೋಡಿ ನಾನು ಹತ್ತು ವರ್ಷದವನಾಗಿದ್ದಾಗಲೇ ಆ ಮಾತನ್ನು ಬಾಯಿಂದ ತೆಗೆದು ಹಾಕಿದ್ದನ್ನೂ ಹೇಳಿದೆ. ನೀನು ಮೊದಲರ್ಧ ಬರೆದುಕೊಂಡೆ, ಉಳಿದರ್ಧ ಮರೆತೆ. ಸ್ನೇಹಿತರು ಮನೆಗೆ ಬಂದಾಗ 'ತಾತ, ಓಗು ಅಲ್ಲ, ಹೋಗು' ಅಂತ ತಿದ್ದುತ್ತಿದ್ದವಳು ನೀನು. ಆಗ ಬೇಡವಾಗಿದ್ದ ಮಾತು ಈಗ ಮಣ್ಣು ಮೆತ್ತಿದ ಮುಖಕ್ಕೆ ಬೇಕಾಯಿತು. ನಿನ್ನ ಕಡೆ ನೋಡಿದೆ. ನೀನು ಫೋನಿನಲ್ಲಿ ಮುಖ ಇಟ್ಟುಕೊಂಡಿದ್ದೆ. ಅದಕ್ಕೇ ಕೂಸೇ ಹೆಡ್‌ಫೋನ್ ಕಿತ್ತಿಟ್ಟು ಇಳಿದು ಬಂದದ್ದು, ರವಿಚಂದ್ರನ ಮಾತಿಗಲ್ಲ. ಮನೆಗೆ ಬಂದು ನೀನು 'ನನ್ನ ಮಾನ ಕಳೆದೆ ತಾತ' ಅಂದೆ. ನಿನ್ನ ಮಾನ ಇದ್ದದ್ದು ಆ ಹಾಳೆಯ ಮೇಲೆ. ಅದನ್ನು ಕಳೆದದ್ದು ನಾನಲ್ಲ. ಇಷ್ಟು ಹೇಳಿದೆನಲ್ಲ, ಇನ್ನು ಕ್ಷಮೆ ಗಿಮೆ ನನ್ನಿಂದ ಬರುವುದಿಲ್ಲ, ಕಾಯಬೇಡ.

ನೀನು ಹೊರಟ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ನಾನು ಒಲ್ಲೆ ಅಂದರೆ ನಾಟಕದವರೊಬ್ಬರನ್ನು ಕರೆಸಿ ನಮ್ಮ ಮಾತನ್ನು ಅಣಕಿಸಿ ಹೇಳಿಸುತ್ತಾರೆ ಅಂತ ವಾಗೀಶ ಹೇಳಿದ. ರವಿಚಂದ್ರನೂ ನೀನೂ ಊರಲ್ಲಿಲ್ಲ, ಬುಧವಾರ ಹೈದರಾಬಾದಿನಲ್ಲಿ ಗೇಮು ತೋರಿಸುವ ಪ್ರದರ್ಶನಕ್ಕೆ ದನಿ ಬೇಕೇ ಬೇಕು. ನಿನ್ನೆ ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿ ನಿಮ್ಮ ಆಫೀಸಿಗೆ ಹೋದೆ. ಮೊದಲು ಆ ಕಮರಿಯನ್ನು ತೋರಿಸು, ನೋಡದ ಊರಿನ ಪರವಾಗಿ ನಾನು ಮಾತಾಡುವವನಲ್ಲ ಅಂದೆ. ವಾಗೀಶ ಒಳ್ಳೆಯವನು, ದೊಡ್ಡ ಪರದೆ ಹಾಕಿ ಎರಡು ಗಂಟೆ ಸುತ್ತಿಸಿದ.

ನಿಜ ಹೇಳುತ್ತೇನೆ, ಚೆನ್ನಾಗಿ ಮಾಡಿದ್ದೀರಿ. ಎರಡೂ ಕಡೆ ಕೆಂಪು ಗೋಡೆ, ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು ಬಣ್ಣ. ತಳದಲ್ಲಿ ತಿಳಿನೀರು. ತುಕ್ಕು ಹಿಡಿದ ಬಸ್ಸಿನ ಬಾಗಿಲನ್ನು ಮನೆಯ ಬಾಗಿಲು ಮಾಡಿಕೊಂಡಿದ್ದಾರೆ, ಟೈರಿನಲ್ಲಿ ಚಪ್ಪಲಿ ಕೊಯ್ದುಕೊಂಡಿದ್ದಾರೆ. ಬುದ್ಧಿವಂತ ಜನ. ಆದರೆ ಗಿಡಗಳ ಬೇರು ಮೇಲೆ ಕಾಣುತ್ತಿದೆ ನೋಡು, ಒಂದಕ್ಕೂ ಬುಡ ಕಟ್ಟಿಲ್ಲ. ನೂರಾರು ವರ್ಷ ಅಲ್ಲೇ ಬದುಕಿದವರು ಹಾಗೆ ಬಿಡುತ್ತಾರಾ? ಅದನ್ನು ಸರಿ ಮಾಡಿಸು. ಇನ್ನೊಂದು ಕೇಳುತ್ತೇನೆ. ಕಮರಿಗೆ ಬಾಯಿ ಒಂದೇ, ಹತ್ತು ಜನ ನಿಂತರೆ ಸಾವಿರ ಜನರನ್ನು ತಡೆಯಬಹುದು. ನೀರು ಇವರ ಕೈಯಲ್ಲಿದೆ. ಬೂದಿಯವರು ಬರುವುದು ಬಾಯಾರಿ. ಹೀಗಿರುವಾಗ ಇವರು ಬಿಟ್ಟು ಹೋಗುವುದು ಯಾಕೆ? ವಾಗೀಶನನ್ನು ಕೇಳಿದರೆ, ಬಿಟ್ಟು ಹೋಗುವುದೋ ಹೊಡೆದಾಡಿ ಸಾಯುವುದೋ ಹೊರಗಿನವನು ತೀರ್ಮಾನ ಮಾಡುತ್ತಾನೆ ಅಂದ. ಹಿರಿಯನನ್ನು ಯಾರೂ ಕೇಳುವುದಿಲ್ಲವಾ ಅಂದೆ. ಅವನು ಪರದೆಯನ್ನು ಮುಂದಕ್ಕೆ ಓಡಿಸಿದ. ನಮ್ಮ ಬೀದಿಗೆ ಕ್ರಾಸ್ ನಂಬರ್ ಬಿದ್ದ ಮೇಲೆ ಮನೆ ಜಾಗ ಕೊಳ್ಳುವುದಕ್ಕೆ ಬಂದು ನನ್ನನ್ನೂ ಎಷ್ಟು ಜನ 'ಯಾವಾಗ ಬಿಡ್ತೀರಾ' ಅಂತ ಕೇಳಿದರು, ನಿನಗೇ ಗೊತ್ತು. 'ಬಿಡ್ತೀರಾ' ಅಂತ ಒಬ್ಬನೂ ಕೇಳಲಿಲ್ಲ, 'ಯಾವಾಗ' ಅಂತಲೇ ಶುರು. ನಾನು ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಾ ಇದ್ದೆ. ಇವತ್ತೂ ಬಿಟ್ಟೆ.

ಹಿರಿಯನ ಹಿಂದೆ ಒಂದು ಹುಡುಗಿ ನಿಂತಿರುತ್ತಾಳೆ, ಅವನ ಮೊಮ್ಮಗಳು. ಹೊರಗೆಲ್ಲ ಸುತ್ತಿ ಬಂದವಳು, ಹೊರಗಿನವನ ಮಾತನ್ನು ತಾತನಿಗೆ ತಿಳಿಸುವವಳು. ಅವಳಿಗೆ ಇನ್ನೂ ದನಿ ಹಾಕಿಲ್ಲವಂತೆ. ಬಾಯಿ ಆಡುತ್ತದೆ, ಶಬ್ದ ಇಲ್ಲ. ಅವಳನ್ನು ಇನ್ನೊಂದು ಸಲ ಹತ್ತಿರದಿಂದ ತೋರಿಸು ಅಂದೆ. ಮೂಗು ನಿನ್ನ ಹಾಗೇ ಇದೆ, ನೀನೇ ಬರೆಸಿದ್ದೀಯೋ ಏನೋ.

ಆಮೇಲೆ ಮೈಕಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ, ನನ್ನ ಮಾತಿನಲ್ಲೇ. ಕಾಡುಜನದ ಥರ ಅಲ್ಲ, ನನ್ನ ಥರ. 'ಹಿರಿಯ – ೧' ಅನ್ನುವುದನ್ನು ಅಳಿಸಿ ಕೆಂಚಯ್ಯ ಅಂತ ಬರೆಸಿದೆ. ಮನುಷ್ಯನಿಗೆ ಹೆಸರಿಲ್ಲದೆ ನಂಬರ್ ಕೊಟ್ಟರೆ ಅವನು ಊರು ಬಿಡದೆ ಇನ್ನೇನು ಮಾಡುತ್ತಾನೆ? ಕೊನೆಯ ಮಾತನ್ನು ಹಾಳೆಯಲ್ಲಿದ್ದಂತೆ ಹೇಳಲಿಲ್ಲ. ನಮ್ಮಪ್ಪನನ್ನು ನೆನೆದು, ಟವೆಲನ್ನು ಹೆಗಲ ಮೇಲೇ ಬಿಟ್ಟು ಹೇಳಿದೆ: 'ನೀರ್ ಬೇಕಾ, ಕೇಳಿ, ಕೊಡ್ತೀವಿ. ಜಾಗ ಕೇಳ್ಬ್ಯಾಡಿ. ಬುಡ ಕಟ್ಕೊಂಡಿರೋ ಜನ ನಾವು. ಬುಡಾಕಿಲ್ಲ.' ಒಂದೇ ಸಲ. ವಾಗೀಶ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಆಮೇಲೆ ತಲೆ ಕೆರೆದುಕೊಂಡು 'ಅಜ್ಜ, ಇದನ್ನಿಟ್ರೆ ಕಥೆ ಎಲ್ಲ ಬದಲಾಯಿಸ್ಬೇಕಾಗುತ್ತೆ' ಅಂದ. ಬದಲಾಯಿಸಲಿ. ಬರೆದವಳಿಗೆ ಕೈ ಇದೆ. ರವಿಚಂದ್ರ ಒಪ್ಪದಿದ್ದರೆ ನನ್ನ ದನಿಯನ್ನು ಪೂರ್ತಿ ತೆಗೆದುಹಾಕಲಿ, ಅಣಕಿಸುವವರನ್ನು ಕರೆಸಲಿ. ಅರ್ಧ ಇಟ್ಟುಕೊಂಡು ಅರ್ಧ ಕತ್ತರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಇದನ್ನು ವಾಗೀಶನ ಕೈಯಲ್ಲಿ ಬರೆಸಿ ರುಜು ಹಾಕಿದ್ದೇನೆ.

ಮೈ ಜೋಪಾನ. ಹೊರಗೆ ಓಡಾಡುವಾಗ ನೀರಿನ ಬಾಟಲಿ ಇಟ್ಟುಕೊ. ನಿಮ್ಮಮ್ಮ ನಿಪ್ಪಟ್ಟು ಕಟ್ಟಿದ್ದಾಳೆ, ಎಲ್ಲರಿಗೂ ಹಂಚಿ ನೀನು ಖಾಲಿ ಡಬ್ಬಿ ನೆಕ್ಕಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಗೇಮಿಗೂ ಆಗಲಿ, ಆ ಕಮರಿಯ ಜನಕ್ಕೂ ಆಗಲಿ.

ಇಂತಿ ನಿನ್ನ ತಾತ,
ಮಂಟಯ್ಯ, ಕೆಂಚಯ್ಯನ ಮಗ

ಒಂದು ಮಾತು ಮರೆತಿದ್ದೆ. ಕಾಗದ ಒಯ್ಯಲು ಬಂದ ವಾಗೀಶ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ. ಆ ಹುಡುಗಿಗೆ ದನಿ ಕೊಡಬೇಕಾದವಳು ನೀನಂತೆ. ಹಾಳೆಯಲ್ಲಿ ಅವಳು 'ಹೊರಡೋಣ ತಾತ' ಅನ್ನುತ್ತಾಳೆ, 'ಹ' ಹಾಕಿ. ಅದನ್ನು ಹೊಡೆದು ಹಾಕು. ನೀನು ನಾಲ್ಕನೇ ಕ್ಲಾಸಿನವರೆಗೆ ಆಡುತ್ತಿದ್ದ ಮಾತಿನಲ್ಲಿ ಹೇಳು: 'ನಾನೂ ಬುಡಾಕಿಲ್ಲ ತಾತ.' ರೆಕಾರ್ಡ್ ಮಾಡುವುದಕ್ಕೆ ಮೊದಲು ನನಗೆ ಫೋನ್ ಮಾಡಿ ಒಂದು ಸಲ ಹೇಳಿ ತೋರಿಸು. ನಾನು ಬೈಯುವುದಿಲ್ಲ. ತಿದ್ದುವುದೂ ಇಲ್ಲ.