ಭಾವ ತಂದ ವಾಚು

ವಾಚು ರಿಪೇರಿ ಅಂಗಡಿಯಿಂದ,
ಮಂಗಳವಾರ, ಜೂನ್ ೧೧

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಮಂಡಿನೋವು ಕಮ್ಮಿಯಾಯ್ತಾ? ಭಾವನ ಹೊಲಿಗೆ ಅಂಗಡಿ ಹೇಗೆ ನಡೀತಿದೆ? ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಕಿವಿ ಮಾತ್ರ ಅವರಿಗೆ ಬೇಕಾದದ್ದಷ್ಟೇ ಕೇಳಿಸುತ್ತೆ. ದಿನಾ ಒಂದು ಸಲ ನಿನ್ನ ವಿಚಾರ ಎತ್ತುತ್ತಾರೆ, ನಾನು ಏನೋ ಒಂದು ಹೇಳಿ ಜಾರಿಕೊಳ್ತೀನಿ.

ಎರಡು ಕಾಗದ ಬರೆದು ಹರಿದು ಹಾಕಿ ಇದು ಮೂರನೇದು. ಮೂರು ವರ್ಷದ ಹಿಂದೆ ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಭಾವ ತಂದ ವಾಚಿನ ವಿಚಾರ. ಭಾನುವಾರವೂ ಬಿಡದೆ ಕೋಟು ಹೊಲಿದು ಕೂಡಿಟ್ಟ ದುಡ್ಡಲ್ಲಿ ಕೊಂಡಿದ್ದು, ದೊಡ್ಡ ಕಂಪನಿಯ ಹಳೇ ವಾಚು. ಅಪ್ಪ ಕಟ್ಟಿಕೊಂಡು ಎಲ್ಲರಿಗೂ ಕೈ ಚಾಚಿ ಚಾಚಿ ತೋರಿಸ್ತಿದ್ರು. ನಾನು ಸುಮ್ಮನಿರಬಹುದಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು ನೆಂಟರ ಮುಂದೆ ಪಾಠ ಶುರು ಮಾಡಿದೆ. ಅಸಲಿಯಾದ್ರೆ ಡಯಲ್ಲಿನ ಅಕ್ಷರದ ಅಂಚು ಚೂಪಾಗಿರುತ್ತೆ, ಇದರದ್ದು ಹರಡಿಕೊಂಡಿದೆ, ನಿಮಿಷದ ಗೆರೆಗಳೂ ಒಂದೇ ಸಮ ಇಲ್ಲ, ಯಾರೋ ಭಾವನಿಗೆ ಟೋಪಿ ಹಾಕಿದ್ದಾರೆ ಅಂದೆ. ಎಲ್ಲರೂ ನಕ್ಕರು. ಭಾವ ತಟ್ಟೆ ನೋಡುತ್ತಾ, "ನೀವು ತಿಳಿದವರು, ಹೇಳಿದ ಮೇಲೆ ಹಾಗೇ ಇರಬೇಕು" ಅಂದ್ರು. ಅಪ್ಪ ಮೆಲ್ಲಗೆ ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಆಮೇಲಿನದ್ದು ನಿನಗೇ ಗೊತ್ತು. ಕಸುಬಿನವನ ಮಾತು ಅಂತ ನೀನು ನನ್ನನ್ನ ನಂಬಿದೆ. ಗೊತ್ತಿದ್ದೂ ಅಗ್ಗದ್ದು ತಂದು ಸುಳ್ಳು ಹೇಳಿದ್ರು ಅಂತ ಗಂಡನ ಜತೆ ಜಗಳ ಆಡಿದೆ. ಭಾವ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. "ಈಗ ಅವರು ಏನು ಹೇಳಿದ್ರೂ ಒಂದು ಸಲ ಅನುಮಾನ ಬರುತ್ತಣ್ಣಾ" ಅಂತ ಫೋನಿನಲ್ಲಿ ನೀನು ಅಂದಾಗ ಗಿರಾಕಿ ಬಂದ್ರು ಅಂತ ಹೇಳಿ ಫೋನ್ ಇಟ್ಟೆ.

ಹೋದ ವಾರ ವಾಚು ನಿಂತುಹೋಯ್ತು ಅಂತ ಅಪ್ಪ ಅಂಗಡಿಗೆ ತಂದರು. ಹಿಂದಿನ ಮುಚ್ಚಳ ತೆಗೆದೆ. ಒಳಗಿನ ಯಂತ್ರ ಅಪ್ಪಟ ಅಸಲಿ, ಪುಟ್ಟೀ. ಸಣ್ಣ ಸಣ್ಣ ಚಕ್ರದ ಅಂಚನ್ನೂ ಉಜ್ಜಿ ಹೊಳಪು ಕೊಟ್ಟಿದ್ದಾರೆ, ಕೆತ್ತಿದ ನಂಬರು ಭಾವ ವಾಚಿನ ಜತೆ ಕೊಟ್ಟಿದ್ದ ರಸೀದಿಯ ನಂಬರಿಗೆ ಸರಿಯಾಗಿ ಹೊಂದುತ್ತೆ. ಮೊದಲಿನ ಮಾಲೀಕ ಯಾರೋ ಮಾಸಿದ ಡಯಲ್ಲಿಗೆ ಹೊಸದಾಗಿ ಬಣ್ಣ ಹೊಡೆಸಿ ಅಕ್ಷರ ಬರೆಸಿದ್ದಾನೆ, ಅಷ್ಟೇ. ಒಳಗೆ ನೋಡದೆ ಅಸಲಿ ನಕಲಿ ಹೇಳಬಾರದು ಅಂತ ಗಿರಾಕಿಗಳಿಗೆ ಬುದ್ಧಿ ಹೇಳೋನು ನಾನೇ. ಅವತ್ತು ಮುಚ್ಚಳ ಮುಟ್ಟದೆ ನಾಲಗೆ ಹರಿಬಿಟ್ಟೆ. ನಾಚಿಕೆಯಾಗುತ್ತೆ ಕಣೇ, ತಲೆ ಎತ್ತೋಕಾಗ್ತಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅವರು ಬೇಡ ಅಂದ್ರೂ ತಪ್ಪಿಲ್ಲ. ನೀವಿಬ್ಬರೂ ಚೆನ್ನಾಗಿರಿ.

ನಿನ್ನ ಅಣ್ಣ

ಲಕೋಟೆ ಅಂಟಿಸೋ ಮುಂಚೆ: ಮೇಲೆ ಸುಳ್ಳು ಬರೆದೆ. ವಾಚು ನಿಂತಿರಲಿಲ್ಲ. ಹುಟ್ಟುಹಬ್ಬದ ಮರುದಿನವೇ ಅಪ್ಪ ಅದನ್ನ ತಂದು, "ಇನ್ನೊಂದು ಸಲ ಸರಿಯಾಗಿ ನೋಡೋ" ಅಂದಿದ್ರು. ಅವತ್ತೇ ತೆಗೆದು ನೋಡಿದೆ, ಅವತ್ತೇ ಗೊತ್ತಾಯ್ತು. ಆದ್ರೂ ನಕಲಿಯೇ ಅಂದೆ. ಇಷ್ಟು ವರ್ಷ ವಾಚಿನ ಮಧ್ಯೆಯೇ ಕೂತ ಮಗ ಅಪ್ಪನಿಗೆ ಕೊಡದ್ದನ್ನ ಅಳಿಯ ಕೊಟ್ರಲ್ಲ ಅನ್ನೋ ಹೊಟ್ಟೆಕಿಚ್ಚು. ಮೂರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಸುಳ್ಳು ಹೇಳಿದ್ದು ನಾನು, ಭಾವ ಅಲ್ಲ. ನಿನ್ನೆ ಅಪ್ಪ ಬೀರುವಿನಿಂದ ಅದನ್ನ ತೆಗೆದು ಕಟ್ಟಿಕೊಂಡರು. ನಕಲಿಯಾದ್ರೇನು, ಅಳಿಯ ತಂದದ್ದಲ್ವಾ ಅಂದ್ರು. ಅವರಿಗಿನ್ನೂ ಹೇಳಿಲ್ಲ. ಈ ಕಾಗದ ಭಾವನ ಕೈಗೇ ಕೊಡು. ಅಸಲಿ ಅಂತ ಅಪ್ಪನಿಗೆ ಅವರೇ ಬಂದು ಹೇಳಲಿ, ನಾನು ಪಕ್ಕದಲ್ಲೇ ನಿಂತಿರ್ತೀನಿ.